ಮರಗಳ ಚಿತ್ರಕ್ಕೆ ಇನ್ನೊಂದು ಚಳಿಗಾಲ

ಲೇಯ ನದಿಯ ದಂಡೆಯಿಂದ
೯ ಫೆಬ್ರವರಿ ೧೯೨೬

ನನ್ನ ಮುದ್ದಿನ ಲುಡ್ವಿನಾ,

ಗೆಂಟ್ ನಗರದ ರಂಗಮಂಚವನ್ನೇ ಗೆದ್ದ ಮಗಳಿಗೆ ಈ ಹಳ್ಳಿಯ ಮಾಜಿ ಮಹಾರಾಣಿಯ ಅಪ್ಪುಗೆ. ಉತ್ತರ ತಡವಾಯಿತು, ಕೋಪ ಬೇಡ. ನಿಮ್ಮ ನಾಟಕದಲ್ಲಿ ರಾಜಮಾತೆಯ ಪಾತ್ರ ನನಗಾಗಿ ಕಾದಿದೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಓದಿ ಓದಿ ಕಾಗದದ ಮಡಿಕೆಯೇ ಹರಿದಿದೆ. ನಿಮ್ಮಪ್ಪನಿಗೆ ಹೇಳಿದೆ. "ಈ ಮರಗಳ ಚಿತ್ರ ಮುಗೀಲಿ, ಗೊಡೆಲೀವ್. ಇನ್ನೊಂದು ಚಳಿಗಾಲ ಅಷ್ಟೆ," ಎಂದರು. ನಾನು ರಂಗ ಬಿಟ್ಟ ಮೇಲೆ ಇದೇ ಮಾತು ಕೇಳುತ್ತ ಎಷ್ಟು ಚಳಿಗಾಲ ಉರುಳಿದವೋ.

ರೈತ ಸಿರಿಯಲ್‌ಗೂ ಅವರು ಅದನ್ನೇ ಹೇಳುತ್ತ ಬಂದಿದ್ದರು. ಹೊಲದಂಚಿನ ವಿಲೋ ಮರಗಳು ಅವನವು. ಕೆಲವು ವರ್ಷಕ್ಕೊಮ್ಮೆ ಕೊಂಬೆ ಕಡಿದು ತಲೆ ಹಗುರ ಮಾಡದಿದ್ದರೆ ಭಾರಕ್ಕೆ ಕಾಂಡವೇ ಸೀಳುತ್ತದೆ. ಅವನು ಗರಗಸ ಹಿಡಿದು ಬಂದಾಗಲೆಲ್ಲ ನಿಮ್ಮಪ್ಪ ಕಾಫಿ ಕುಡಿಸಿ ವಾಪಸು ಕಳಿಸುತ್ತಿದ್ದರು.

ಹೋದ ವಾರ ಬಿರುಗಾಳಿ ಎದ್ದಿತು. ಬೆಳಗಾದಾಗ ಎಲ್ಲೆಲ್ಲೂ ಮಂಜು. ಹೊಲ ಯಾವುದು, ನದಿ ಯಾವುದು ತಿಳಿಯದು. ನಾಟಕದ ಪರದೆಯಂತೆ ಅದು ಮೆಲ್ಲನೆ ಸರಿಯಿತು. ನಡುವಿನ ಮರ ಬುಡದವರೆಗೂ ಸೀಳಿ, ಎರಡು ತೋಳು ಚಾಚಿ ಮಲಗಿತ್ತು.

"ನೋಡಿ ಸ್ವಾಮಿ," ಎಂದ ಸಿರಿಯಲ್, "ನನ್ನ ಗರಗಸ ಇವತ್ತಿನವರೆಗೂ ಒಂದು ಮರಾನೂ ಕೊಂದಿಲ್ಲ. ನಿಮ್ಮ ಪೆನ್ಸಿಲ್ ಕೊಂದುಬಿಡ್ತು."

ನಿಮ್ಮಪ್ಪ ತಲೆ ತಗ್ಗಿಸಿದರು. ಆಮೇಲೆ ಅಲ್ಲೇ ಕೂತು ಹೊಸ ಹಾಳೆ ತೆಗೆದರು. ಮಧ್ಯಾಹ್ನದೊಳಗೆ ಚಿತ್ರ ಮುಗಿದೇ ಹೋಯಿತು. ಎಲೆಯಿಲ್ಲ, ನೆಲವಿಲ್ಲ, ನಿಂತ ಮರಗಳಿಗೆ ಒಂದೊಂದು ಗೀಟು, ಬಿದ್ದದ್ದಕ್ಕೆ ಎರಡು. ಉಳಿದದ್ದೆಲ್ಲ ಬರೀ ಬಿಳುಪು. ಆದರೆ ನೋಡುತ್ತ ನಿಂತರೆ ಆ ಬಿಳುಪು ಮಂಜಾಗಿ ಉಸಿರಾಡುತ್ತದೆ, ನಾನು ಅದರೊಳಗೆ ಸದ್ದಿಲ್ಲದೆ ನಡೆದು ಹೋಗುತ್ತಿರುತ್ತೇನೆ.

ಸಿರಿಯಲ್ ಇಣುಕಿದ. "ಇಷ್ಟೇನಾ? ಇದಕ್ಕಾ ಇಷ್ಟು ವರ್ಷ ಕಾಯ್ಸಿದ್ದು? ನನ್ನ ಹಸು ಬಾಲದಲ್ಲೇ ಬರೆದುಕೊಡ್ತಿತ್ತಲ್ಲ."

ನಿಮ್ಮಪ್ಪನಿಗೂ ನಗು ಬಂತು. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ನೀನು ಹೊರಡು. ನಾನು ತಡೆಯೋದಿಲ್ಲ," ಎಂದರು.

ಹೊತ್ತಿಗೆ ಸರಿಯಾಗಿ ಉಣ್ಣು, ಕೊರಳಿಗೆ ಉಣ್ಣೆ ಸುತ್ತಿಕೋ. ನೀನು ಬಾಯಿ ತೆರೆದರೆ ಕಟ್ಟಕಡೆಯ ಸಾಲಿನವನೂ ಬೆಚ್ಚಿ ನೆಟ್ಟಗೆ ಕೂರುವಂತಾಗಲಿ, ಮಗಳೆ.

ನಿನ್ನ ಅಮ್ಮ,
ಗೊಡೆಲೀವ್

ತಾ.ಕ.: ಆ ಪಾತ್ರವನ್ನು ಬೇರೆಯವರಿಗೆ ಕೊಡಿಸು. ನಿನ್ನೆ ಹೊಲಕ್ಕೆ ಹೋಗಿ, ಎದೆ ತುಂಬ ಉಸಿರೆಳೆದು, ರಾಜಮಾತೆಯ ಮೊದಲ ಮಾತನ್ನು ಕೂಗಿ ಹೇಳಿದೆ. ಬಿದ್ದ ಮರದ ಆಚೆಗೇ ಸೌದೆ ಒಟ್ಟುತ್ತಿದ್ದ ಸಿರಿಯಲ್ ಹತ್ತಿರ ಬಂದು, "ಕರೆದ್ರಾ ಅಮ್ಮಾವ್ರೆ? ತುಟಿ ಆಡ್ತಿದ್ದ ಹಾಗೆ ಕಾಣಿಸ್ತು," ಎಂದ. ಒಳಗೆ ನಿಮ್ಮಪ್ಪ ನನ್ನ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಅವರಿಗಿನ್ನೂ ಹೇಳಿಲ್ಲ.