ಹೆಲ್ಮೆಟ್ ಅಲ್ಲ, ಸಿಂಬಿ

ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಉಳಿರಾಯನಿಗೆ,

ನಿನ್ನ ವಟವಟನ ನೆನಪುಗಳು. ಮಗಳ ಜೊತೆ ನೀನು ಮ್ಯೂಸಿಯಂಗೆ ಬಂದು ಹೋಗಿ ತಿಂಗಳಾಯಿತು. ಅಂದೇ ಬರೆಯಬೇಕಿತ್ತು, ಮನಸ್ಸು ಬರಲಿಲ್ಲ. ಬೈಕೋಬೇಡ. ಕಾಗದ ಓದಿ ಹೇಳುವ ಮಗಳೂ ಬೈಯದಿರಲಿ.

ನನಗಂತೂ ಸಾಕಾಗಿ ಹೋಗಿದೆ ಕಣೋ. ನಮ್ಮ ನೀರು ಹೊರುವ ಹೆಂಗಸಿನ ಕಲ್ಲಿನ ವಿಗ್ರಹ ಇದೆಯಲ್ಲ, ಯಾರೋ ಪುಣ್ಯಾತ್ಮ ಅದರ ವೀಡಿಯೊ ಮಾಡಿ ಹಾಕಿದ್ದಾನೆ. ಅವಳು ಆಕಾಶದಿಂದ ಇಳಿದು ಬಂದವಳಂತೆ! ಅಂದಿನಿಂದ ಜನ ಮೊಬೈಲು ಹಿಡಿದು ನುಗ್ಗುತ್ತಿದ್ದಾರೆ. "ತಲೆ ಮೇಲೆ ಹೆಲ್ಮೆಟ್ ನೋಡಿ ಸಾರ್" ಅನ್ನುತ್ತಾರೆ. "ಹೆಲ್ಮೆಟ್ ಅಲ್ಲ ಸ್ವಾಮಿ, ಸಿಂಬಿ. ಮೇಲಿದ್ದ ಕೊಡ ಮುರಿದು ಹೋಗಿದೆ" ಅನ್ನುತ್ತೇನೆ. "ಬೆನ್ನ ಮೇಲಿರೋದು ಉಸಿರಾಡೋ ಪೈಪಲ್ವಾ?" ಅಂದಳು ಒಬ್ಬಳು. "ಜಡೆ ಕಣಮ್ಮಾ, ನಿನಗೂ ಇದೆ" ಅಂದೆ. ಮೊನ್ನೆ ರೇಗಿ, "ಅಷ್ಟು ದೂರದಿಂದ ಹಾರಿ ಬಂದವಳಿಗೆ ನೀರು ಹೊರೋ ಗತಿ ಯಾಕ್ರೀ ಬಂತು?" ಅಂತಲೂ ಕೇಳಿಬಿಟ್ಟೆ. ಎಲ್ಲರೂ ನಕ್ಕರು, ಯಾರೂ ಒಪ್ಪಲಿಲ್ಲ. ಸಂಜೆ ಗಂಟಲು ಕಟ್ಟಿಕೊಂಡು ಮನೆಗೆ ಹೋದರೆ ಇವಳು, "ಹೌದು ಅಂದ್ಬಿಡಿ, ನಿಮ್ಮ ಗಂಟೇನು ಹೋಗತ್ತೆ?" ಅನ್ನುತ್ತಾಳೆ.

ಹೋಗುತ್ತದೆ. ಯಾಕೆಂದರೆ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಅವಳ ಕತ್ತಿನ ಹತ್ತಿರ. "ಈ ಸಂದಿಯಲ್ಲಿ ಕೂದಲೂ ತೂರಲ್ಲ. ಉಳಿ ಹಿಡಿದವರ ಕೆಲಸವೇ ಅಲ್ಲ ಇದು" ಅಂತಾರೆ. ಅಯ್ಯೋ, ನಿನ್ನ ಕೆಲಸ ಅಲ್ಲವೇನೋ ಅದು! ತಲೆ ಬೇರೆ, ಮೈ ಬೇರೆಯಾಗಿ ಬಂದಿದ್ದವಳು ಅವಳು. ನೀನು ಒಳಗೆ ಸರಳು ಕೂರಿಸಿ, ಅದೇ ಕಲ್ಲಿನ ಪುಡಿ ಕಲಸಿ ಬಿರುಕು ತುಂಬಿ, ಬೇಸಿಗೆಯಿಡೀ ಉಜ್ಜಿದೆ. ನಾನು ಪಕ್ಕದಲ್ಲಿ ನಿಂತು ಹರಟಿದರೆ, "ಲೋ, ಬಾಯಿ ಮುಚ್ಕೊಂಡು ದೀಪ ನೆಟ್ಟಗೆ ಹಿಡಿಯೋ" ಅಂತ ಗದರುತ್ತಿದ್ದೆ. ಬೆರಳ ತುದಿಯೆಲ್ಲ ಸವೆದು ಹೋಗಿತ್ತು ನಿಂದು.

ಈಗ ವಿಗ್ರಹದ ಪಕ್ಕ ಹೊಸ ಫಲಕ ಹಾಕುತ್ತಿದ್ದಾರೆ. "ಈ ಕತ್ತಿನ ಕೆಲಸ ಇಂದಿಗೂ ರಹಸ್ಯ" ಅಂತ ಬರೆಸುವ ಆಸೆ ನಮ್ಮ ಹೊಸ ಮೇಡಂಗೆ. ಜನ ಬರುತ್ತಾರಲ್ಲ! ನಾನು ಜಗಳ ಆಡಿ, ನಿನ್ನ ಹೆಸರು ಹಾಕಬೇಕೆಂದೆ. "ಹಳೇ ಕಾಗದ ಒಂದೂ ಸಿಗ್ತಿಲ್ಲ, ನೀವೋ ಅವರ ಸ್ನೇಹಿತರು. ಮಾಡಿದವರೇ ಹೇಳಲಿ, ಹಾಕೋಣ" ಅಂದರು. ಅಷ್ಟೇ ಕಣೋ ಬೇಕಿರುವುದು. ತಲೆ ತಿಳಿಯಾಗಿರುವ ಒಂದು ಬೆಳಿಗ್ಗೆ, "ಹೌದು, ನಾನೇ ಮಾಡಿದ್ದು" ಅಂತ ಮಗಳ ಮುಂದೆ ಹೇಳು. ಅವಳು ಮೊಬೈಲಿನಲ್ಲಿ ಹಿಡಿದು ಕಳಿಸಲಿ.

ಹೊತ್ತು ಹೊತ್ತಿಗೆ ಊಟ ಮಾಡು, ಮಗಳನ್ನು ಗೋಳು ಹುಯ್ದುಕೊಳ್ಳಬೇಡ. ಅವಳಿಗೆ ನನ್ನ ಆಶೀರ್ವಾದ. ಇಬ್ಬರೂ ತಣ್ಣಗಿರಿ.

ನಿನ್ನ
ವಟವಟ

ತಾ.ಕ.: ಮಗಳೇ, ಇದಿಷ್ಟನ್ನು ಅವನಿಗೆ ಓದಬೇಡ, ನಿನಗೆ ಮಾತ್ರ. ಅಂದು ನೀನು ನೀರು ಕುಡಿಯಲು ಹೋದಾಗ ನಿಮ್ಮಪ್ಪ ಆ ಕತ್ತಿನ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಏನು ನಾಜೂಕು ನೋಡಿ ಸಾರ್! ಮನುಷ್ಯರ ಕೈಲಾಗೋ ಕೆಲಸ ಅಲ್ಲ ಇದು. ನೀವೇನಂತೀರಿ?" ಅಂದ. ಜೀವಮಾನದಲ್ಲಿ ನನ್ನನ್ನು 'ಲೋ' ಎಂದಲ್ಲದೆ ಕರೆದವನಲ್ಲ ಅವನು. ದಿನವಿಡೀ ಊರವರ ಜೊತೆ ವಾದ ಮಾಡುವ ಬಾಯಿ ನನ್ನದು. ಅವನ ಜೊತೆ ಮಾಡಲಾಗಲಿಲ್ಲ. "ಹೌದು ಸಾರ್" ಅಂದೆ.