ಮಾಫಿ ಪದ

ಅಳವಂಡಿ
ಸೋಮವಾರ, ೩ ಫೆಬ್ರುವರಿ ೧೯೪೧

ಪ್ರೀತಿಯ ಕೊಟ್ರಣ್ಣನಿಗೆ, ಕಾಲಿಗೆ ಬೀಳಬೇಕಾದ ತಂಗಿ ಕಳಕಮ್ಮ ಈ ಸಲ ನಿಂತುಕೊಂಡೇ ಬರೆಯುತ್ತಿದ್ದಾಳೆ.

ನೀನು ಬರೆಯದ ಪದಗಳಿಗೆ ನೀನು ಮಾಫಿ ಕೇಳಲು ಒಪ್ಪಿಕೊಂಡಿದ್ದೀ. ಇದು ಅನ್ಯಾಯ. ಆ ಪದಗಳನ್ನು ಬರೆದವಳು ನಾನು. ಇದು ನಿನಗೆ ಗೊತ್ತು, ಅಪ್ಪನಿಗೆ ಗೊತ್ತು, ಹಾಡುವ ಅಮರಪ್ಪ ಮಾವನಿಗೆ ಗೊತ್ತು. ಗೊತ್ತಿಲ್ಲದಿರುವುದು ಪೊಲೀಸ್ ಠಾಣೆಯ ಅಮೀನ ಸಾಹೇಬನಿಗೆ, ಮತ್ತು ಗದಗಿನಲ್ಲಿ ನಿನ್ನನ್ನು ಕವಿ ಎಂದು ಕರೆದು ಶಾಲು ಹೊದಿಸಿದವರಿಗೆ.

ಇರಲಿ, ಮೊದಲು ಕ್ಷೇಮ ಕೇಳಬೇಕು. ನಿನ್ನ ಕೆಮ್ಮು ಹೇಗಿದೆ? ಹತ್ತಿ ಅಂಗಡಿಯ ಧೂಳು ಎದೆಗೆ ಇಳಿಯುತ್ತದೆ, ಮೂಗಿಗೆ ಅರಿವೆ ಕಟ್ಟಿಕೊ ಎಂದು ಮುದುಕವ್ವ ಹೇಳಿ ಕಳಿಸಿದ್ದಾಳೆ. ಖಾನಾವಳಿಯ ರೊಟ್ಟಿ ಹೊಟ್ಟೆಗೆ ಹಿಡಿಯುತ್ತದೆಯೋ ಇಲ್ಲವೋ. ಅವ್ವ ಹೋದ ಮೇಲೆ ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು ಮುದುಕವ್ವನೇ ಅಲ್ಲವೇ, ಅವಳಿಗೆ ನೀನಿನ್ನೂ ಮೂಗು ಒರೆಸಿಸಿಕೊಳ್ಳುವ ಹುಡುಗ. ಅಪ್ಪನ ಹತ್ತಿ ಗಾಡಿಯಲ್ಲಿ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ ಕಳಿಸಿದ್ದೇವೆ. ಶಾಲು ಬೆಚ್ಚಗಿದೆಯೇ ಎಂದು ಕೇಳಬಾರದು ಅಂದುಕೊಂಡಿದ್ದೆ, ಆದರೂ ಕೇಳುತ್ತೇನೆ. ಬೆಚ್ಚಗಿದೆಯೇ?

ಅಪ್ಪ ನಿನಗೆ ಬರೆದ ಕಾಗದದಲ್ಲಿ ಅರ್ಧ ಸಂಗತಿ ಮಾತ್ರ ಇರುತ್ತದೆ, ಉಳಿದದ್ದನ್ನು ನಾನು ಬರೆಯುತ್ತೇನೆ. ನೀನು ಹಳ್ಳಿ ಹಾಡಿನ ಸಂಘವನ್ನು ಕಟ್ಟಿ ಗದಗಿಗೆ ಹೋದೆ, ಅದನ್ನು ನಡೆಸುವ ಕೆಲಸ ನಮ್ಮ ಅಡಿಗೆಮನೆಗೆ ಬಂತು. ಯಾವ ಊರಿನವರು ಕರೆದಿದ್ದಾರೆ, ಯಾರ ಗಾಡಿ ಸಿಗುತ್ತದೆ, ಯಾರ ಹೊಲದ ಸುಗ್ಗಿ ಮುಗಿದಿದೆ, ಯಾರ ಗಂಟಲು ಕೂತಿದೆ, ಎಲ್ಲವೂ ಹಿತ್ತಲ ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು. ಅಮರಪ್ಪ ಮಾವ ಮಜ್ಜಿಗೆ ಕೇಳುವ ನೆವದಲ್ಲಿ ಬಂದು ನಿಲ್ಲುತ್ತಿದ್ದ. ನಾನು ಬೀಸುತ್ತ ಹೊಸ ಪದ ಹೇಳುತ್ತಿದ್ದೆ, ಅವನು ಗೋಡೆಯ ಆಚೆ ನಿಂತು ಕಲಿಯುತ್ತಿದ್ದ. ಅವನು ಬಾರದ ದಿನ ಮುದುಕವ್ವ ಬಾಯಲ್ಲಿಟ್ಟುಕೊಂಡು ಹೋಗಿ ಅವನಿಗೆ ಮುಟ್ಟಿಸುತ್ತಿದ್ದಳು. ದಾರಿಯಲ್ಲಿ ಒಂದೆರಡು ಕಡೆ ಹುಲಿಗೆಮ್ಮನನ್ನು ಸೇರಿಸದೆ ಅವಳು ಬಿಟ್ಟದ್ದಿಲ್ಲ. ಕೇಳಿದರೆ, ದೇವಿ ಹೆಸರಿಲ್ಲದ ಪದ ಹಾಡಿದರೆ ನಾಲಿಗೆ ಒಣಗುತ್ತದೆ ಅನ್ನುತ್ತಾಳೆ. ನೀನು ಹಾಕಿದ ಕಟ್ಟಳೆಯನ್ನು ನಾವು ಮುರಿದಿಲ್ಲ. ಯಾರಿಂದಲೂ ಕಾಸು ಮುಟ್ಟುವುದಿಲ್ಲ, ಒಂದು ಹೊತ್ತಿನ ಊಟ ಮಾತ್ರ, ಮತ್ತು ಹಾಡಿದ ಊರಿನಿಂದ ಅಲ್ಲಿಯದೊಂದು ಹಾಡನ್ನು ಕಲಿಯದೆ ಹೊರಡುವುದಿಲ್ಲ. ಹೀಗೆ ಯಲಬುರ್ಗಿ ಕಡೆಯ ಎಷ್ಟು ಹಾಡು ನಮ್ಮಲ್ಲಿಗೆ ಬಂದವೋ ಅಷ್ಟೇ ನಮ್ಮ ಪದಗಳು ಆ ಕಡೆ ಹೋಗಿ ಬೇರೂರಿವೆ. ನಾನು ಮಾತ್ರ ನನ್ನ ಪದವನ್ನು ಮೇಳದಲ್ಲಿ ಒಮ್ಮೆಯೂ ಕೇಳಿಲ್ಲ. ದಪ್ಪಿನ ಮೊದಲ ಪೆಟ್ಟಿಗೆ ಜನ ಹೇಗೆ ಸುಮ್ಮನಾಗುತ್ತಾರೆ ಎನ್ನುವುದನ್ನು ಮುದುಕವ್ವ ಹೇಳಿದರೆ ತಿಳಿಯಬೇಕು.

ಮೊದಲ ಪದ ಬರೆದ ದಿನ ನೀನು ಹೇಳಿದ ಮಾತು ನೆನಪಿದೆಯೇ? ಕಡೆಯ ನುಡಿಯಲ್ಲಿ ಊರಿನ ಹೆಸರು, ಕವಿಯ ಹೆಸರು ಬರಬೇಕಲ್ಲ, ಅದಕ್ಕೆ ನಾನು ನನ್ನ ಹೆಸರು ಹಾಕಿದ್ದೆ. ನೀನು ನಕ್ಕು, "ಹೆಣಮಗಳ ಹೆಸರ ಬಂದ್ರ ಜನ ಪದ ಕೇಳೂದಿಲ್ಲ ಕಳಕಿ, ಹೆಸರ ಕೇಳ್ತಾರ. ಸದ್ಯಕ್ಕ ನಂದಿರಲಿ" ಅಂದೆ. ಆ ಸದ್ಯ ಇನ್ನೂ ಮುಗಿದಿಲ್ಲ.

ಈಗ ಸಿಕ್ಕಿಬಿದ್ದದ್ದು ಆ ಕಡೆಯ ನುಡಿಯಿಂದಲೇ. ಹತ್ತಿ ಬಿಡಿಸುವ ಹೆಂಗಸರ ಪದ ಹಾಡಲು ಮೇಳ ಯಲಬುರ್ಗಿ ಕಡೆ ಹೋಗಿತ್ತು. ಯಾರೋ ಹೋಗಿ ಅಮೀನನಿಗೆ ಚಾಡಿ ಹೇಳಿದರು. ಬರೆದವನು ಯಾರೆಂದು ಅವನು ಹುಡುಕಬೇಕಾಗಿರಲಿಲ್ಲ. ಅಳವಂಡಿ ಊರಿನ ಕೊಟ್ರಬಸಪ್ಪ ಕವಿ ಮಾಡಿದ ಪದ ಕೇಳಿರಿ ಎಂದು ಅಮರಪ್ಪ ಮಾವ ಊರ ನಡುವೆ ನಿಂತು, ಕೈ ಎತ್ತಿ ಹಾಡಿದ್ದ. ಲೋಕದಲ್ಲಿ ಯಾವ ಕಳ್ಳನಾದರೂ ಕನ್ನ ಹಾಕಿದ ಗೋಡೆಯ ಮೇಲೆ ತನ್ನ ಹೆಸರು, ಊರು ಬರೆದು ಹೋಗುತ್ತಾನೆಯೇ? ನಮ್ಮ ಮೇಳದವರು ಹೋಗುತ್ತಾರೆ. ಆ ನುಡಿಯನ್ನಾದರೂ ಬಿಡಬಾರದಿತ್ತೇ ಎಂದು ಕೇಳಿದೆ. "ಕಡೀ ನುಡಿ ಬಿಟ್ರ ಪದಕ್ಕ ಅಪ್ಪಿಲ್ಲದಂಗ ತಂಗಿ" ಅಂದ.

ಅಮೀನನನ್ನು ಕೆರಳಿಸಿದ್ದು ಈ ಎರಡು ಸಾಲು:

ಹತ್ತಿ ಬಿಡಸಾಕಿಗಿ ಹರಕ ಕುಬಸ ಗತಿ
ತಕ್ಕಡಿ ಹಿಡದಾಂವ ಊರಿಗೆ ಅಧಿಪತಿ

ಮುಂದಿನ ನುಡಿಯಲ್ಲಿ, ಕೈಮುಗಿಯುವುದನ್ನು ಬಿಟ್ಟು ತೂಕ ಕೇಳಿರಿ ಎಂದಿದೆ. ಅಧಿಪತಿ ಎಂದರೆ ಯಾರು, ಜಾಗೀರಿನ ದೊರೆಯೋ ಹೈದರಾಬಾದಿನ ದೊರೆಯೋ ಎಂದು ಅವನು ದಪ್ಪು ಬಾರಿಸುವ ಉಮರಸಾಬನನ್ನು ಎರಡು ದಿನ ಠಾಣೆಯಲ್ಲಿ ಕೂಡಿಸಿ ಕೇಳಿದನಂತೆ. ಅಣ್ಣಾ, ನಿನಗೊಬ್ಬನಿಗೆ ಹೇಳುತ್ತೇನೆ. ನಾನು ಆ ಸಾಲು ಬರೆದದ್ದು ಯಾವ ದೊರೆಯನ್ನೂ ನೆನೆದಲ್ಲ. ನಮ್ಮ ಪಡಸಾಲೆಯಲ್ಲಿ ಅಪ್ಪ ಹತ್ತಿ ತೂಗುವುದನ್ನು ಕಿಟಕಿಯಿಂದ ನೋಡಿ ಬರೆದದ್ದು. ಅಪ್ಪ ಆ ಪದವನ್ನು ಕೇಳಿದ್ದಾನೆ, ಸರಕಾರದ ಮೇಲಿನದು ಎಂದು ಹೆದರಿದ್ದಾನೆ. ತಕ್ಕಡಿ ಯಾರದೆಂದು ಅವನಿಗೆ ಇನ್ನೂ ಹೊಳೆದಿಲ್ಲ. ಹೊಳೆಯದಿರಲಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮಠದ ಅಯ್ಯನವರನ್ನು ಮನೆಗೆ ಕರೆಸಿ ನನಗೆ ಅಕ್ಷರ ಕಲಿಸಿದವನು ಅವನೇ.

ಉಮರಸಾಬ ಮನೆಗೆ ಬಂದಿದ್ದಾನೆ, ಆದರೆ ಅವನ ದಪ್ಪು ಠಾಣೆಯಲ್ಲೇ ಉಳಿದಿದೆ. ಹತ್ತಿ ಹಿಂಜುತ್ತ ಕೂತವನು ಮುದುಕವ್ವನಿಗೆ, "ದಪ್ಪ ಒಳಗೈತಿ, ನಾ ಹೊರಗದೀನಿ. ತಪ್ಪ ಯಾರದಂತ ಅಮೀನ ಸಾಹೇಬ್ರಿಗೆ ಗೊತ್ತಾಗೈತಿ ಬಿಡವಾ" ಅಂದನಂತೆ. ನಗಿಸಲು ಹೇಳಿದ ಮಾತು. ಆದರೆ ಅವನ ಹೆಂಡತಿ ಈಗ ಮಬ್ಬು ಹರಿಯುವ ಮುಂಚೆಯೇ ಬಂದು ನಮ್ಮ ಬಾವಿಯ ನೀರು ಒಯ್ಯುತ್ತಾಳೆ, ಯಾರ ಕಣ್ಣಿಗೂ ಬೀಳಲು ಇಷ್ಟವಿಲ್ಲದವಳ ಹಾಗೆ. ಅದನ್ನು ನೋಡಿದಾಗ ಮಾತ್ರ ನನ್ನ ಹಟ ಸಡಿಲವಾಗುತ್ತದೆ.

ವಾರಂಟು ನಿನ್ನ ಹೆಸರಿಗೆ ಬಂದ ದಿನ ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ನಾನು ಒಳಗೆ ಹೋಗಿ, ಸುಳ್ಳು ಹೇಳಲಾರೆ, ಸಂತೋಷಪಟ್ಟೆ. ಇಷ್ಟು ವರ್ಷ ನನ್ನ ಪದಕ್ಕೆ ಇಷ್ಟು ಬೆಲೆಯನ್ನು ಯಾರೂ ಕೊಟ್ಟಿರಲಿಲ್ಲ. ಆಮೇಲೆ ನೀನು ಇನ್ನು ಗಡಿಯ ನಾಕಾ ದಾಟಿ ಮನೆಗೆ ಬರುವ ಹಾಗಿಲ್ಲ ಎಂದು ಅಪ್ಪ ಗಟ್ಟಿಯಾಗಿ ಅತ್ತಾಗ ನನ್ನ ಸಂತೋಷದ ಬಗ್ಗೆ ನನಗೇ ನಾಚಿಕೆಯಾಯಿತು.

ಅಪ್ಪ ಹೋಗಿ ಅಮೀನನ ಕಾಲು ಹಿಡಿದ. ಅಮೀನ ಕೆಟ್ಟವನಲ್ಲ, ಅಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿ ಚಹಾ ಕೊಟ್ಟನಂತೆ. ಮುಚ್ಚಳಿಕೆ ಬರೆದುಕೊಡುತ್ತೇವೆ ಎಂದದ್ದಕ್ಕೆ ಅವನು, "ಕಾಗಜ ಯಾರ ಓದ್ತಾರ್ರಿ ಗ್ಯಾನಪ್ಪ? ಹಾಡಿ ಹಬ್ಬಿಸಿದ್ದನ್ನ ಹಾಡೇ ತಗೀಬೇಕು" ಅಂದ. ಎಂದರೆ, ಮೇಳದವರು ಒಂದು ಮಾಫಿ ಪದ ಹಾಡಬೇಕು. ಮೊದಲು ಕೊಪ್ಪಳದ ಕಚೇರಿಯ ಮುಂದೆ ಅವನೆದುರಿಗೆ, ಆಮೇಲೆ ಹಿಂದೆ ಹಾಡಿದ ಊರೂರಿನಲ್ಲಿ. ಕವಿ ಕೊಟ್ರಬಸಪ್ಪ ಪಕ್ಕದಲ್ಲಿ ನಿಂತಿರಬೇಕು, ಕಡೆಯ ನುಡಿಯಲ್ಲಿ ಅವನ ಹೆಸರೇ ಬರಬೇಕು. ಆಗ ವಾರಂಟು ರದ್ದು, ದಪ್ಪು ವಾಪಸು, ಸಂಘಕ್ಕೆ ಮತ್ತೆ ಪರವಾನಗಿ. ನೀನು ಆಗಲಿ ಎಂದು ಬರೆದೆಯಂತೆ, ಬರುವ ಸೋಮವಾರ ಮುಂಜಾನೆಯ ರೈಲುಗಾಡಿಗೆ ಕೊಪ್ಪಳದಲ್ಲಿ ಇಳಿಯುತ್ತೀಯಂತೆ.

ಇಲ್ಲಿಯವರೆಗಿನದು ಅಪ್ಪನ ಕಾಗದದಲ್ಲೂ ಇದ್ದೀತು. ಇನ್ನು ಹೇಳುವುದು ಇರಲಿಕ್ಕಿಲ್ಲ. ನಿನ್ನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಒಲೆಯ ಹತ್ತಿರ ಬಂದು ಕೂತ. ಎಂದೂ ಅಡಿಗೆಮನೆಯಲ್ಲಿ ಕೂಡದವನು. ಸ್ವಲ್ಪ ಹೊತ್ತು ಉರಿ ಸರಿಮಾಡಿದ. ಆಮೇಲೆ ಮೆಲ್ಲಗೆ, "ಮಾಫಿ ಪದಾನೂ ನೀನ ಮಾಡಿಕೊಡವಾ ಕಳಕವ್ವ. ಅವಗ ಬರಂಗಿಲ್ಲ" ಅಂದ.

ನನ್ನ ಕೈಯ ರೊಟ್ಟಿ ಹರಿಯಿತು. ನೋಡು ಅಣ್ಣಾ, ನನ್ನ ಪದಕ್ಕೆ ನಿನ್ನ ಹೆಸರು, ನಿನ್ನ ಹೆಸರಿಗೆ ವಾರಂಟು, ಆ ವಾರಂಟಿಗೆ ಮಾಫಿ, ಆ ಮಾಫಿಗೆ ಮತ್ತೆ ನನ್ನ ಪದ. ಗಾಣದ ಎತ್ತಿಗಾದರೂ ಸಂಜೆ ಕಣ್ಣಪಟ್ಟಿ ಬಿಚ್ಚುತ್ತಾರೆ. ನೀನು ಕಳಿಸಿದ ಕಿರುಹೊತ್ತಿಗೆಗಳನ್ನೆಲ್ಲ ನಾನು ಎರಡೆರಡು ಸಲ ಓದಿದ್ದೇನೆ. ದಾಸ್ಯವೆಂದರೆ ಪರರ ಆಳ್ವಿಕೆ ಎಂದು ಅವುಗಳಲ್ಲಿ ದಪ್ಪ ಅಕ್ಷರದಲ್ಲಿದೆ. ಹಿತ್ತಲ ಬಾಗಿಲಿನ ಚಿಲಕದ ಮಾತು ಒಂದರಲ್ಲೂ ಇಲ್ಲ. ವಾರಂಟು ಬಂದಾಗಿನಿಂದ ಆ ಬಾಗಿಲಿಗೆ ಕೀಲಿ ಬಿದ್ದಿದೆ. ಅಮರಪ್ಪ ಮಾವ ಈ ಕಡೆ ಸುಳಿಯುವ ಹಾಗಿಲ್ಲ, ಮುದುಕವ್ವ ಒಬ್ಬಳೇ ಒಳಗೆ ಹೊರಗೆ ಓಡಾಡುತ್ತಾಳೆ.

ಇದರ ಮೇಲೆ ಕುಷ್ಟಗಿಯ ಸಂಬಂಧ. ನೋಡಲು ಬಂದವರು ಒಳ್ಳೆಯವರೇ. ಹುಡುಗನ ಅವ್ವ ನನ್ನ ಗಲ್ಲ ಹಿಡಿದು, "ಕವಿ ತಂಗಿ ಅಂದ್ರ ನಮಗ ಭಾಳ ಹೆಮ್ಮಿರಿ" ಅಂದಳು. ನಾನು ತಲೆ ತಗ್ಗಿಸಿ ಕೂತೆ. ನಾಚಿಕೆ ಎಂದುಕೊಂಡರು. ಯುಗಾದಿಯಾದ ಮೇಲೆ ಮದುವೆ. ಅಷ್ಟರೊಳಗೆ ವಾರಂಟಿನ ಮಾತು ಅವರ ಕಿವಿಗೆ ಬೀಳಬಾರದು ಎಂಬ ಅವಸರ ಅಪ್ಪನಿಗೆ.

ಪದ ಮಾಡಿಕೊಡುತ್ತೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಸುಳ್ಳು ಹೇಳಿಲ್ಲ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಎದ್ದು ಹೋದ. ಸೋಮವಾರ ಗವಿಮಠಕ್ಕೆ ಕಾಯಿ ಒಡೆಸಬೇಕು, ಭಾನುವಾರವೇ ಕೊಪ್ಪಳದ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ ಎಂದು ಕೇಳಿದ್ದಕ್ಕೂ ಹೂಂ ಅಂದ. ಮುದುಕವ್ವ ಜೊತೆಗೆ ಬರುತ್ತಾಳೆ. ನನಗೆ ಅವನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಹೊರಟೆ, ಬರೆಯಲಾಗಲಿಲ್ಲ. ಸಿಟ್ಟಿದೆ, ಕರುಳೂ ಚುರುಕ್ಕೆನ್ನುತ್ತದೆ. ಎರಡೂ ಒಂದೇ ಒಲೆಯ ಮೇಲೆ ಕುದಿಯುತ್ತಿವೆ.

ಗಾಡಿ ಹೊಡೆಯುವ ಅಯ್ಯಪ್ಪ ಹತ್ತಿ ಅಂಡಿಗೆ ಹೇರಿ ಬಾಗಿಲಲ್ಲಿ ನಿಂತಿದ್ದಾನೆ. ಟಪಾಲಿಗೆ ಹಾಕಿದರೆ ಒಡೆದು ನೋಡುತ್ತಾರೆಂದು ಅವನ ಕೈಗೇ ಕೊಡುತ್ತಿದ್ದೇನೆ. ಅಪ್ಪನ ಹತ್ತಿಯ ಜೊತೆಯಲ್ಲೇ ನನ್ನ ಕಾಗದವೂ ಗಡಿ ದಾಟಲಿ. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗರಿಗೆ ಶರಣು ಹೇಳು. ಮುದುಕವ್ವ ನಿನಗೆ ನೂರು ವರ್ಷ ಆಯುಸ್ಸು ಕೊಟ್ಟಿದ್ದಾಳೆ, ಕೆಮ್ಮು ಹೋಗಲಿ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೂ ನಿನ್ನನ್ನು ಬಿಟ್ಟರೆ ಬೇರೆ ಯಾರಿಗೂ ಬರೆಯಲಾರದ ತಂಗಿ,
ಕಳಕಮ್ಮ

ತಾ.ಕ.: ಅಯ್ಯಪ್ಪ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪದ ಆಗಲೇ ಮುಗಿದಿದೆ. ಮುದುಕವ್ವ ಮುಂಜಾನೆಯೇ ಹೋಗಿ ಅಮರಪ್ಪ ಮಾವನಿಗೆ ಕಲಿಸಿ ಬಂದಳು. ಮಾಫಿ ಅದರಲ್ಲಿದೆ, ಆದರೆ ಒಂದೇ ತಪ್ಪಿಗೆ. ಇಷ್ಟು ದಿನ ಕಡೆಯ ನುಡಿಯಲ್ಲಿ ಸುಳ್ಳು ಹೆಸರು ಹಾಡಿ ಜನರನ್ನು ನಂಬಿಸಿದ್ದಕ್ಕೆ. ಈ ಪದಗಳೆಲ್ಲ ಅಳವಂಡಿಯ ಗ್ಯಾನಪ್ಪನ ಮಗಳು ಕಳಕಮ್ಮ ಮಾಡಿದವು ಎಂದು ಹೇಳಿ ಪದ ಮುಗಿಯುತ್ತದೆ. ಹತ್ತಿಯ ನುಡಿಗೆ ಮಾಫಿ ಇಲ್ಲ. ದಪ್ಪು ಸಿಗದೇ ಹೋಗಬಹುದು, ಸಂಘ ಮುಚ್ಚಬಹುದು, ಕುಷ್ಟಗಿಯವರು ಒಲ್ಲೆ ಅನ್ನಬಹುದು. ಇದೆಲ್ಲವನ್ನೂ ಮುದುಕವ್ವನ ಬಾಯಲ್ಲಿ ಮೇಳದವರಿಗೆ ಹೇಳಿಸಿ, ಹಾಡುತ್ತೀರಾ ಎಂದು ಕೇಳಿದೆ. ಉಮರಸಾಬ, "ಖರೇ ಹೆಸರಿಗೆ ನಾ ಚಪ್ಪಾಳಿ ತಟ್ಟಿ ಹಾಡ್ತೀನಿ, ದಪ್ಪ ಯಾಕ ಬೇಕು" ಅಂದ. ಅಮರಪ್ಪ ಮಾವ ಮಾತ್ರ, "ಕೊಟ್ರಬಸಪ್ಪ ಬಾಯ್ಬಿಟ್ಟು ಹೂಂ ಅನ್ಲಿ, ಹಾಡ್ತೀನಿ. ಅವ ಇಲ್ಲಂದ್ರ ನಿನ್ನ ಹುಚ್ಚಿ ಅಂತಾರ ತಂಗಿ" ಅಂದಿದ್ದಾನೆ. ನಿಜ, ನೀನು ಒಪ್ಪದಿದ್ದರೆ ನನ್ನ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಒಪ್ಪಿದರೆ ಗದಗಿನಲ್ಲಿ ನೀನು ಇನ್ನು ಕವಿಯಲ್ಲ. ಕಾಗದದಲ್ಲಿ ಉತ್ತರ ಬರೆಯಬೇಡ, ನನ್ನ ಮುಖ ನೋಡಿ ಹೇಳು. ಅಪ್ಪ ನೇರವಾಗಿ ಹನ್ನೊಂದಕ್ಕೆ ಕಚೇರಿಗೆ ಬರುತ್ತಾನೆ. ನಾನು ಅದಕ್ಕೂ ಮುಂಚೆ ಕೊಪ್ಪಳ ಸ್ಟೇಷನ್ನಿನಲ್ಲಿ, ಟಿಕೀಟು ಕೊಡುವ ಕಿಟಕಿಯ ಎದುರಿಗೆ ನಿಂತಿರುತ್ತೇನೆ. ಸೋಮವಾರ, ಹತ್ತನೇ ತಾರೀಖು, ಮುಂಜಾನೆ ಎಂಟು ಗಂಟೆಗೆ.