ತಪ್ಪದ ಹಾಜರಿ

ಪಾವಗಡ ತಾಲ್ಲೂಕು
ಜೂನ್ ೧೬, ೨೦೨೪

ಸಹನಾ, ನನ್ನ ಮೇಡಮ್ಮನೇ,

ಕಾಗದ ತಲುಪಿತು. ಸಿದ್ದರಬೆಟ್ಟದ ಕಡೆ ಶಾಲೆ ಸೇರಿ ಇನ್ನೂ ವಾರವಾಗಿಲ್ಲ, ಆಗಲೇ ಬಡವರ ಮಕ್ಕಳನ್ನು ಮುಂದಕ್ಕೆ ತರಲು ಶಾಲೆ ಏನು ಮಾಡಬೇಕಮ್ಮ ಎಂದು ಕೇಳಿದ್ದೀಯ. ಅದೂ ಯಾರನ್ನು, ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ತಕ್ಕಡಿ ಹಿಡಿದು ಮಗ್ಗಿ ಕಲಿತವಳನ್ನು! ಇರಲಿ, ಶಾಲಾ ಸಮಿತಿ ಅಧ್ಯಕ್ಷೆ ಅಂತ ಊರಲ್ಲಿ ಕುರ್ಚಿ ಹಾಕುತ್ತಾರಲ್ಲ, ಹೇಳುತ್ತೇನೆ. ಬಾರದ ಮಗುವನ್ನು ಬಂದಿಲ್ಲ ಎಂದು ಬರಿ. ಉಳಿದದ್ದೆಲ್ಲ ಆಮೇಲೆ.

ಐದನೇ ಕ್ಲಾಸಿನವರೆಗಷ್ಟೇ ಇರುವ ನಮ್ಮೂರ ಶಾಲೆಯಲ್ಲಿ ಹೋದ ವರ್ಷ ಹತ್ತೇ ಮಕ್ಕಳು. ಒಂದು ಕಡಿಮೆಯಾದರೂ ಶಾಲೆ ಎತ್ತಿ ಪಕ್ಕದೂರಿಗೆ ಸೇರಿಸುತ್ತಾರೆಂದು ಹೆಡ್‌ಮೇಷ್ಟ್ರು ಕದಿರಯ್ಯನವರಿಗೆ ಭಯ. ಆ ಹತ್ತರಲ್ಲಿ ಓಬಳಯ್ಯನ ಮೊಮ್ಮಗಳು ಗಂಗರತ್ನ ಒಬ್ಬಳು. ಐದನೇ ಕ್ಲಾಸು, ತಾಯಿಯಿಲ್ಲದ ಹುಡುಗಿ. ಸಂಕ್ರಾಂತಿ ಕಳೆದ ಮೇಲೆ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗತೊಡಗಿದಳು, ಶಾಲೆ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ಹಾಜರಿ ಪುಸ್ತಕದ ಮೇಲೆ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಬಂದ್ಲು ಅಂತ ಹಾಕ್ಬುಡಿ ಸಾ, ಯಾರಪ್ಪನ ಗಂಟೇನು ಹೋಯ್ತದೆ ಅಂದವಳು ನಾನೇ.

ಮೊನ್ನೆ ಓಬಳಯ್ಯ ಅವಳ ಕೈ ಹಿಡಿದುಕೊಂಡು ಬಂದ. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಹಾಸ್ಟೆಲಿನಲ್ಲೇ ಇಟ್ಟುಕೊಂಡು ಓದಿಸುತ್ತಾರಂತೆ, ಆರನೇ ಕ್ಲಾಸಿಗೆ ಒಂದೇ ಸೀಟು ಉಳಿದಿದೆಯಂತೆ, ಒಂದು ಮಾತು ಹೇಳಮ್ಮ ಎಂದ. ಮೇಷ್ಟ್ರನ್ನೂ ಕರೆದುಕೊಂಡು ಆ ಹಾಸ್ಟೆಲ್ ಶಾಲೆಗೆ ಹೋದೆವು. ಅಲ್ಲಿದ್ದ ಸಾಹೇಬ ನಮ್ಮ ಶಾಲೆಯ ಹಾಜರಿ ತೆಗೆದು ನೋಡಿ ನಕ್ಕ. ಒಂದು ದಿನವೂ ತಪ್ಪಿಸಿಲ್ಲವಲ್ಲಮ್ಮ, ಇದು ಶಾಲೆ ಬಿಟ್ಟವರ ಸೀಟು, ಇವಳು ಪಕ್ಕದೂರಿಗೆ ನಡೆದು ಹೋಗಿ ಓದಲಿ ಅಂದ. ಕದಿರಯ್ಯನವರು ತಮ್ಮ ಚಪ್ಪಲಿ ನೋಡುತ್ತ ನಿಂತರು. ನಿಜ ಹೇಳಿದರೆ ಅವರ ಕೆಲಸಕ್ಕೆ ಕುತ್ತು. ನಾನೂ ಬಾಯಿ ಬಿಡಲಿಲ್ಲ. ಸೀಟು ಇನ್ನೊಬ್ಬಳಿಗೆ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಗಂಗರತ್ನ ಕೇಳಿದಳು, ನಾನು ಬತ್ತಾನೇ ಇರ್ಲಿಲ್ಲ ಅಂತ ನಾನೇ ಹೇಳ್ಬೋದಾಗಿತ್ತಾ ಅಮ್ಮಾ ಅಂತ. ಸುಮ್ಕಿರು ಕಣಮ್ಮ, ದೊಡ್ಡೋರ ಮಾತಿದು ಅಂದೆ.

ನಿನ್ನ ಶಾಲೆಗೆ ಯಾವ ಮಗು ಬರಲಿಲ್ಲವೋ ಅದರ ಮನೆ ಬಾಗಿಲಿಗೆ ಅವತ್ತೇ ಹೋಗು. ಅಲ್ಲಿಯ ಸಮಿತಿ ಅಧ್ಯಕ್ಷರು ಎಷ್ಟು ನಯವಾಗಿ ಮಾತಾಡಿದರೂ ಕೇಳಬೇಡ. ನನ್ನಂಥವರೇ ಇರುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ರಾಮಾಂಜಿನಮ್ಮ

ಇನ್ನೊಂದು ಮಾತು: ಆ ಹುಡುಗಿ ಹಣ್ಣು ಬಿಡಿಸಿದ್ದು ಎಲ್ಲಿ ಎಂದು ನೀನು ಕೇಳೇ ಕೇಳುತ್ತೀಯ. ನಮ್ಮ ಹುಣಸೆ ಮಂಡಿಯಲ್ಲೇ. ಸೀಟು ಇಲ್ಲ ಎಂದಾಗ ನನಗೆ ಒಳಗೊಳಗೇ ನೆಮ್ಮದಿಯಾಯಿತು ಕಣೇ, ಅಂಥ ಚುರುಕಿನ ಕೈ ಇನ್ನೊಂದು ಸಿಗುವುದಿಲ್ಲ. ನಾಳೆಯೂ ಬಾ ಅಂದಿದ್ದೇನೆ.